ಗದ್ದಲ ತೆಗೆದ ಮೇಲೆ

ಅಪ್ಪಾಜಿ ಕೇಂದ್ರ ಸರಕಾರದ ಒಂದು ಕಾರ್ಖಾನೆಯಲ್ಲಿ ರೇಡಿಯೋ ರಿಪೇರಿ ಕೆಲಸದಲ್ಲಿದ್ದವರು. ನಿವೃತ್ತಿಯಾದ ಮೇಲೂ ಅವರ ಕೈ ಸುಮ್ಮನಿರಲಿಲ್ಲ. ಸನತ್‌ನಗರದ ನಮ್ಮ ಮನೆಯ ಮಾಳಿಗೆಯ ಮೇಲೆ ಎರಡು ಕಂಬ ನೆಟ್ಟು, ನಡುವೆ ತಂತಿ ಎಳೆದು, ಕೆಳಗಿನ ಸಣ್ಣ ಕೋಣೆಯಲ್ಲಿ ದೂರದವರೊಡನೆ ಮಾತಾಡಲು ಲೈಸೆನ್ಸ್ ಪಡೆದ ಹ್ಯಾಮ್ ರೇಡಿಯೋ ಇಟ್ಟುಕೊಂಡಿದ್ದರು. ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ಅದರಲ್ಲಿ ಗದಗಿನ ಕಾಕಾ ಸಿಗುತ್ತಿದ್ದರು. ಕಾಕಾ ಎಂದರೆ ಅದೇ ಕಾರ್ಖಾನೆಯಲ್ಲಿ ಅಪ್ಪಾಜಿಯ ಪಕ್ಕದಲ್ಲೇ ಇಪ್ಪತ್ತು ವರ್ಷ ಕೂತು ಕೆಲಸ ಮಾಡಿ, ನಿವೃತ್ತಿಯಾಗಿ ಊರು ಸೇರಿದವರು. ಇಬ್ಬರೂ ಮಾತಾಡುತ್ತಿದ್ದದ್ದು ಲೋಕೋದ್ಧಾರದ ವಿಷಯವೇನಲ್ಲ. ಮಂಡಿನೋವು, ಬದನೆಕಾಯಿ, ಈಗ ಎಲ್ಲೂ ಸಿಗದ ಹಳೆಯ ರೇಡಿಯೋ ವಾಲ್ವುಗಳು, ಇಷ್ಟೇ. ಇದನ್ನೆಲ್ಲ ಫೋನಿನಲ್ಲೇ ಮಾತಾಡಬಹುದಲ್ಲ ಎಂದು ನಾನೊಮ್ಮೆ ಕೇಳಿದ್ದೆ.

"ಫೋನಿನ್ಯಾಗ ಸುದ್ದಿ ಹೇಳ್ತಾರವ್ವಾ. ಮಾತಾಡೂದು ರೇಡಿಯೋದಾಗ," ಎಂದಿದ್ದರು ಅಪ್ಪಾಜಿ.

ಊರಂಚಿನ ಕೊಂಡಾಪುರದ ಕಡೆ ಬಂಡೆ ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ವರ್ಷಗಳು ಅವು. ಅಂಥದೊಂದು ಕಟ್ಟಡದಲ್ಲಿ ನಾನೂ ಕೂತು, ಮೊಬೈಲಿನೊಳಗೆ ಧ್ವನಿಯನ್ನು ಕುಗ್ಗಿಸಿ ಕಳಿಸುವ ಪ್ರೋಗ್ರಾಮ್ ಬರೆಯುತ್ತಿದ್ದೆ. ನಮ್ಮಂಥವರ ಸಂಬಳ ಏರಿದ ಹಾಗೆ ಸನತ್‌ನಗರದಲ್ಲೂ ಅಪಾರ್ಟ್‌ಮೆಂಟುಗಳು ಎದ್ದವು. ಮನೆಗೊಂದು ಕಂಪ್ಯೂಟರ್, ಮನೆಗೊಂದು ಇನ್ವರ್ಟರ್ ಬಂತು. ಅವೆಲ್ಲದರ ಗುಂಯ್‌ಗುಡುವಿಕೆ ಅಪ್ಪಾಜಿಯ ರೇಡಿಯೋಕ್ಕೆ ಬಂದು ಬೀಳುತ್ತಿತ್ತು. ಕಾಕಾನ ಧ್ವನಿ ಅದರಡಿಯಲ್ಲಿ ಹೂತುಹೋಗತೊಡಗಿತು. ಮೊದಲು ಅರ್ಧ ಮಾತು, ಆಮೇಲೆ ಒಂದೊಂದೇ ಶಬ್ದ. ಕೊನೆಗೆ ಕಾಕಾ ರೇಡಿಯೋ ಮುಂದೆ ಬರುವುದನ್ನೇ ಬಿಟ್ಟರು. ಫೋನ್ ಮಾಡಿದರೆ ಅವರ ಸೊಸೆಯೇ ಎತ್ತುತ್ತಿದ್ದರು. "ಗದ್ದಲ ಭಾಳ ಆತು ಅಂತ ಬ್ಯಾಸರ ಮಾಡ್ಕೊಂಡಾರ್ರಿ ಮಾವಾರು. ಈಗ ಹೊರಗ ಹೋಗ್ಯಾರ್ರಿ," ಎನ್ನುತ್ತಿದ್ದರು.

ಭಾನುವಾರ ಏಳಕ್ಕೆ ಅಪ್ಪಾಜಿ ರೇಡಿಯೋ ಹಚ್ಚಿ ಕೂತು, ಎಂಟಕ್ಕೆ ಆರಿಸಿ ಎದ್ದು ಬರುವುದನ್ನು ಎರಡು ತಿಂಗಳು ನೋಡಿದೆ. ಆಮೇಲೆ ನನ್ನಿಂದ ತಡೆಯಲಾಗಲಿಲ್ಲ. ಗದ್ದಲ ತಾನೇ, ಅದನ್ನು ತೆಗೆಯುವುದೇ ನನ್ನ ಕೆಲಸ ಎಂದು ಸೊಕ್ಕಿನಿಂದಲೇ ಹೇಳಿದೆ. ಸಾಫ್ಟ್‌ವೇರಿನಲ್ಲೇ ಒಂದು ಮೋಡೆಮ್ ಕಟ್ಟುತ್ತೇನೆ ಎಂದೆ. ಮಾತು ಕಂಪ್ಯೂಟರಿಗೆ ಹೋಗಿ ಅಂಕಿಗಳಾಗುತ್ತದೆ, ಅಂಕಿಗಳು ಹತ್ತಾರು ಸಣ್ಣ ಸಿಳ್ಳುಗಳಾಗಿ ರೇಡಿಯೋದಲ್ಲಿ ಹೋಗುತ್ತವೆ, ಆ ಕಡೆಯ ಕಂಪ್ಯೂಟರ್ ಸಿಳ್ಳುಗಳಿಂದ ಅಂಕಿಗಳನ್ನು ಹೆಕ್ಕಿ ಮಾತನ್ನು ಮತ್ತೆ ಕಟ್ಟುತ್ತದೆ. ಗದ್ದಲ ಹೊರಗೇ ಉಳಿಯುತ್ತದೆ ಎಂದು ವಿವರಿಸಿದೆ.

"ಬೆಸುಗಿ ಹಾಕದ ಮೋಡೆಮ್ ಹೆಂಗ ಆಕ್ಕೈತಿ?" ಎಂದರು ಅಪ್ಪಾಜಿ. ಬೆಸುಗೆಯ ವಾಸನೆ ಬಾರದ ಯಾವ ವಸ್ತುವನ್ನೂ ಅವರು ನಂಬಿದವರಲ್ಲ.

ನಾಲ್ಕು ತಿಂಗಳ ಶನಿವಾರ, ಭಾನುವಾರಗಳು ಅದಕ್ಕೇ ಹೋದವು. ಪ್ರೋಗ್ರಾಮ್ ತುಂಬಿದ ಒಂದು ಸಿಡಿಯನ್ನೂ, ಅದು ಹೇಗೆ ಕೆಲಸ ಮಾಡುತ್ತದೆ, ಹೇಗೆ ಬಳಸಬೇಕು ಎಂದು ಬರೆದ ಎರಡು ಹಾಳೆಯನ್ನೂ ಗದಗಿಗೆ ಕೊರಿಯರ್ ಮಾಡಿದೆ. ಕಾಕಾನ ಸೊಸೆ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವರು. ಒಂದೇ ಸಂಜೆಯಲ್ಲಿ ಎಲ್ಲ ಜೋಡಿಸಿದರು. ಇದು ಹರಟೆಯಲ್ಲ, ಪರೀಕ್ಷೆ, ನಾನು ಕೊಟ್ಟ ಸಾಲನ್ನು ಓದಿದರೆ ಸಾಕು ಎಂದು ಹೇಳಿಕಳಿಸಿದಾಗ ಕಾಕಾ ಒಪ್ಪಿದರಂತೆ. ಅಪ್ಪಾಜಿ ಅವತ್ತೇ ಗಡ್ಡ ಹೆರೆದುಕೊಂಡು ಹೊಸ ಅಂಗಿ ಹಾಕಿಕೊಂಡರು.

ಮೊದಲ ವಾರ ನಮ್ಮಿಂದ ಏನೂ ಹೋಗಲಿಲ್ಲ. ತಪ್ಪು ಅಪ್ಪಾಜಿಯದು. ಆ ಕಡೆ ಕೇಳಿಸದಿದ್ದರೆ ಜೋರು ಮಾಡು ಎಂಬುದು ಅವರ ಜನ್ಮದ ವಿದ್ಯೆ. ನಾನು ಅತ್ತ ತಿರುಗಿದ ಕೂಡಲೇ ಧ್ವನಿ ಏರಿಸುವ ನಾಬನ್ನು ಕೊನೆಯವರೆಗೆ ತಿರುಗಿಸುತ್ತಿದ್ದರು. ಮೋಡೆಮಿನ ಸಿಳ್ಳುಗಳನ್ನು ಹಾಗೆ ಒತ್ತಿ ಕಳಿಸಿದರೆ ಒಂದರೊಳಗೊಂದು ಕಲೆಸಿ ಹಿಟ್ಟಾಗುತ್ತವೆ. ಹತ್ತು ಸಲ ಹೇಳಿದರೂ ಕೈ ಅಲ್ಲಿಗೇ ಹೋಗುತ್ತಿತ್ತು. ಕೊನೆಗೆ ನಾಬಿನ ಪಕ್ಕ ಉಗುರಿನ ಬಣ್ಣದಲ್ಲಿ ಒಂದು ಗೆರೆ ಎಳೆದು, ಇದನ್ನು ದಾಟಿದರೆ ನಾನು ಎದ್ದು ಹೋಗುತ್ತೇನೆ ಎಂದೆ. ಮರುವಾರ ಅಪ್ಪಾಜಿಯ ಮಾತು ಗದಗಿಗೆ ಸರಿಯಾಗಿ ತಲುಪಿತು. ಅಲ್ಲಿಂದ ಸೊಸೆಯ ಧ್ವನಿ ಬಂತು, ಮೂಗು ಹಿಡಿದು ಮಾತಾಡಿದಂತೆ, ಆದರೆ ಒಂದೂ ಅಕ್ಷರ ತಪ್ಪದೆ. ಹಿಂದೆ ಗುಂಯ್ ಇಲ್ಲ, ಚಟಪಟ ಇಲ್ಲ. ನಾನು ಕುಣಿಯುವುದೊಂದೇ ಬಾಕಿ.

ಆಮೇಲೆ ಕಾಕಾ ಓದಿದರು.

ನಾನು ಕೊಟ್ಟಿದ್ದ ಸಾಲು ಇದು: ಶನಿವಾರದ ಸಂತೆಯಲ್ಲಿ ಸೌತೆಕಾಯಿ ಚೀಲ ಚೀಲ ಸುರಿದಿತ್ತು. ಸ, ಶ, ಚ ಈ ಮೂರನ್ನು ಉಳಿಸಿಕೊಳ್ಳುವುದೇ ಇಂಥ ಮೋಡೆಮಿಗೆ ಕಷ್ಟ. ಅದಕ್ಕೇ ಬೇಕೆಂದೇ ತುಂಬಿದ್ದೆ. ಕಾಕಾನ ಬಾಯಿಂದ ಬಂದಾಗ ಸಂತೆಯೂ ಇರಲಿಲ್ಲ, ಸೌತೆಕಾಯಿಯೂ ಇರಲಿಲ್ಲ. ಎಲ್ಲ ಜಾರಿ ಒಂದಕ್ಕೊಂದು ಅಂಟಿಕೊಂಡ ಸದ್ದು.

"ನಿನ್ನ ಮಷೀನ್ ಅವರ ಧ್ವನಿ ತಿಂದೈತಿ," ಎಂದರು ಅಪ್ಪಾಜಿ.

ನನಗೂ ಹಾಗೇ ಅನಿಸಿತು. ಆಫೀಸಿನ ಹುಡುಗ ಹುಡುಗಿಯರ ಧ್ವನಿಯ ಮೇಲೆ ಪರೀಕ್ಷೆ ಮಾಡಿದ ಪ್ರೋಗ್ರಾಮಿಗೆ ವಯಸ್ಸಾದವರ ದಪ್ಪ ಧ್ವನಿ ಹಿಡಿಸುತ್ತಿಲ್ಲ ಎಂದುಕೊಂಡೆ. ಅಪ್ಪಾಜಿಗೂ ಅಷ್ಟೇ ವಯಸ್ಸು, ಅವರ ಧ್ವನಿ ಸರಿಯಾಗಿ ಹೋಗುತ್ತಿದೆಯಲ್ಲ ಎಂದು ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಐದು ವಾರ ತಿದ್ದಿದೆ. ಪ್ರತಿ ವಾರ ಕಾಕಾನಿಂದ ಅದೇ ಸಾಲನ್ನು ಹತ್ತು ಹತ್ತು ಸಲ ಓದಿಸಿ, ತಿಳಿದ ಶಬ್ದಕ್ಕೆ ಗುರುತು, ತಿಳಿಯದ್ದಕ್ಕೆ ಸೊನ್ನೆ ಹಾಕಿದೆ. "ಕಾಕಾ, ಇನ್ನೊಮ್ಮೆ. ಬಿಡಿಸಿ ಓದ್ರಿ. ಸೌತೆಕಾಯಿ ಸರಿ ಬರವಲ್ದು," ಎನ್ನುತ್ತಿದ್ದೆ. ಒಮ್ಮೊಮ್ಮೆ ನನ್ನ ದನಿಯಲ್ಲಿ ಸಿಡುಕೂ ಇರುತ್ತಿತ್ತು. ಅವರು ಒಂದು ದಿನವೂ ಬೇಡ ಎನ್ನಲಿಲ್ಲ. ಸ್ವಲ್ಪ ತಡೆದು ಮತ್ತೆ ಓದುತ್ತಿದ್ದರು.

ನನ್ನ ತಲೆ ಕೆಡಿಸಿದ್ದು ಇನ್ನೊಂದು. ದಾರಿಯಲ್ಲಿ ಎಷ್ಟು ಅಂಕಿ ಕೆಟ್ಟವೆಂದು ಪ್ರೋಗ್ರಾಮ್ ಎಣಿಸಿ ತೋರಿಸುತ್ತದೆ. ಕಾಕಾ ಓದುವಾಗಲೂ ಅದು ಸೊನ್ನೆಯನ್ನೇ ತೋರಿಸುತ್ತಿತ್ತು. ಅಂದರೆ ಗದಗಿನಲ್ಲಿ ಒಳಹೋದದ್ದೆಲ್ಲ ನಮ್ಮಲ್ಲಿಗೆ ಹಾಗೇ ಬರುತ್ತಿದೆ. ಹಾಗಾದರೆ ಒಳಗೆ ಹೋಗುತ್ತಿರುವುದಾದರೂ ಏನು? ಮೋಡೆಮಿಗೆ ಹಾಕುವ ಮೊದಲು, ಬರೀ ಮೈಕಿನಲ್ಲಿ ಕಾಕಾನ ಓದನ್ನು ರೆಕಾರ್ಡ್ ಮಾಡಿ ಮೇಲ್ ಮಾಡಿ ಎಂದು ಸೊಸೆಗೆ ಬರೆದೆ. ಅದು ಬರಲು ನಾಲ್ಕು ದಿನ ಹಿಡಿಯಿತು.

ಆಫೀಸಿನಲ್ಲಿ ಊಟದ ಹೊತ್ತಿಗೆ ಇಯರ್‌ಫೋನ್ ಹಾಕಿಕೊಂಡು ಕೇಳಿದೆ. ರೇಡಿಯೋ ಇಲ್ಲ, ಮೋಡೆಮ್ ಇಲ್ಲ, ನನ್ನ ಒಂದು ಸಾಲು ಪ್ರೋಗ್ರಾಮೂ ನಡುವೆ ಇಲ್ಲ. ಆದರೂ ಶಬ್ದಗಳು ಹಾಗೇ ಜಾರುತ್ತಿದ್ದವು. ನಾಲಿಗೆ ಒಂದು ಕಡೆಗೆ ಎಳೆದಂತೆ ಸ ಎಂಬುದು ಬರುವ ಮೊದಲೇ ಕರಗುತ್ತಿತ್ತು. ನಡುವೆ ನಿಂತು ಉಸಿರು ಎಳೆದುಕೊಂಡದ್ದು ಕೇಳಿಸಿತು. ಹಿಂದೆ ಸೊಸೆಯ ಮೆಲುದನಿ: "ಇನ್ನೊಮ್ಮೆ ಓದ್ರಿ ಮಾವಾರ. ಅಕಿ ಕೇಳ್ಯಾಳ."

ಮುಂದೆ ಕೇಳಲಾಗಲಿಲ್ಲ. ಮೆಟ್ಟಿಲ ಬಳಿ ಹೋಗಿ ಸೊಸೆಗೆ ಫೋನ್ ಮಾಡಿದೆ. ಅವರು ಮುಚ್ಚುಮರೆ ಮಾಡಲಿಲ್ಲ.

"ಪಾರ್ಶ್ವವಾಯು ಆಗಿ ವರ್ಷ ಆಗಾಕ ಬಂತ್ರಿ. ಕೈಕಾಲು ಸುಧಾರಿಸ್ಯಾವು, ಮಾತು ಸುಧಾರಿಸಲಿಲ್ಲ. ಯಾರಿಗೂ ಹೇಳಬ್ಯಾಡ ಅಂದಿದ್ರು. ನಿಮ್ಮ ಅಪ್ಪಾಜಿಯವರಿಗಂತೂ ಬ್ಯಾಡೇ ಬ್ಯಾಡ ಅಂದಿದ್ರು."

"ಮತ್ತ ಪರೀಕ್ಷೆಗೆ ಕಾಕಾ ಯಾಕ್ ಒಪ್ಪಿದ್ರು?" ಎಂದು ಕೇಳಿದೆ.

"ಕಂಪ್ಯೂಟರ್ ಮಾತನ್ನ ಮತ್ತ ಹೊಸದಾಗಿ ಕಟ್ಟತೈತಿ ಅಂತ ನೀವ ಬರೆದಿದ್ರಲ್ರಿ ಹಾಳ್ಯಾಗ. ಅದನ್ನ ಓದಿ ಭಾಳ ಆಸೆ ಇಟ್ಕೊಂಡ್ರು. ಒಳಗ ಹೆಂಗರ ಹೋಗ್ಲಿ, ಅಲ್ಲಿ ನೆಟ್ಟಗ ಬರತೈತಿ ಅಂತ ತಿಳ್ಕೊಂಡಿದ್ರು."

ಐವತ್ತು ಸಲ ಓದಿಸಿದ್ದೆ ನಾನು, ಸೊನ್ನೆ ಹಾಕಿಕೊಂಡು. ಅವತ್ತು ಮತ್ತೆ ಕೆಲಸಕ್ಕೆ ಕೂರಲಿಲ್ಲ. ಬಸ್ಸು ಹಿಡಿದು ಮನೆಗೆ ಬಂದೆ.

ಅಪ್ಪಾಜಿಗೆ ಹೇಳಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಹೇಳದಿದ್ದರೆ ಅವರು ಮೋಡೆಮನ್ನು ಬೈಯುತ್ತ, ಕಾಕಾ ಸೌತೆಕಾಯಿ ಓದುತ್ತ, ಇಬ್ಬರೂ ಹೀಗೇ ಮಾತಿಲ್ಲದೆ ಉಳಿಯುತ್ತಾರೆ. ಹೇಳಿಬಿಟ್ಟೆ.

"ನನಗ ಹೇಳಬಾರದಿತ್ತೇನು ಅವರು?" ಎಂದರು ಅಪ್ಪಾಜಿ. ಅವರಿಗೆ ನೋವಾಗಿತ್ತು, ಸಿಟ್ಟೂ ಬಂದಿತ್ತು. ಗದಗಿಗೆ ಹೋಗೋಣವೇ ಎಂದು ಕೇಳಿದೆ. "ಮೊದಲ ಮಾತಾಡ್ತೀನಿ. ಹೇಳದ ಕೇಳದ ಮುಂದ ಹೋಗಿ ನಿಂತ್ರ ಅವರಿಗೆ ಮುಜುಗರ," ಎಂದರು.

ಭಾನುವಾರ ಏಳಕ್ಕೆ ಕೂತೆವು. ನಾನು ಮೈಕ್ ಮುಟ್ಟಲಿಲ್ಲ. ಅಪ್ಪಾಜಿ ಮಾತಾಡುವ ಬಟನ್ ಒತ್ತಿ, ಎಂದಿಲ್ಲದಷ್ಟು ಮೆತ್ತಗೆ ಹೇಳಿದರು: "ನನಗ ಎಲ್ಲಾ ಗೊತ್ತಾಗೈತ್ರಿ. ಇವತ್ತು ಪರೀಕ್ಷೆ ಗಿರೀಕ್ಷೆ ಏನೂ ಇಲ್ಲ. ನಾವಿಬ್ರ ಮಾತಾಡೂಣು. ನಿಮಗ ಬ್ಯಾಸರಿಲ್ಲಂದ್ರ ಮಾತಾಡ್ರಿ."

ಕಾಕಾ ಮಾತಾಡಲೆಂದು ಬಟನ್ ಬಿಟ್ಟರು. ಸದ್ದೇ ಇಲ್ಲ. ಹಳೆಯ ರೀತಿಯಲ್ಲಾದರೆ ಗುಂಯ್‌ಗುಡುವಿಕೆಯಾದರೂ ಇರುತ್ತಿತ್ತು. ನಾನು ಅದನ್ನೂ ತೆಗೆದಿದ್ದೆ. ಅಪ್ಪಾಜಿ ನನ್ನ ಮುಖ ನೋಡಿ, "ಎದ್ದು ಹೋದ್ರು," ಎಂದರು.

ಪರದೆಯ ಮೂಲೆಯಲ್ಲಿ ಸಣ್ಣ ಚೌಕವೊಂದಿದೆ. ಆ ಕಡೆಯವರು ಬಟನ್ ಒತ್ತಿ ಹಿಡಿದರೆ, ಮಾತಾಡದಿದ್ದರೂ ಅದು ಹಸಿರಾಗುತ್ತದೆ. ಅದು ಹಸಿರಾಗಿತ್ತು.

"ಇಲ್ರಿ ಅಪ್ಪಾಜಿ, ಅದಾರ. ಬಟನ್ ಒತ್ತಿ ಹಿಡ್ದಾರ," ಎಂದೆ.

ಅಪ್ಪಾಜಿ ಕಾದರು. ಎಷ್ಟೋ ಹೊತ್ತಿನ ಮೇಲೆ ಕಾಕಾ ಮಾತಾಡಿದರು, ಎಳೆದೆಳೆದು, ಒಂದೊಂದೇ ಶಬ್ದ: "ನಾ... ಮಾತಾಡೂದು... ತಿಳೀತೈತೇನ್ರಿ?"

ಹೂಂ ಎಂದುಬಿಡುತ್ತಾರೆ ಎಂದುಕೊಂಡೆ. ನಾನಾಗಿದ್ದರೆ ಹಾಗೇ ಅನ್ನುತ್ತಿದ್ದೆ.

"ಅರ್ಧ ತಿಳೀತೈತ್ರಿ," ಎಂದರು ಅಪ್ಪಾಜಿ. "ಉಳಿದದ್ದ ಇನ್ನೊಮ್ಮೆ ಹೇಳ್ರಿ. ನನಗೇನ್ ಕೆಲಸ ಐತಿ, ನಿಮಗೇನ್ ಕೆಲಸ ಐತಿ?"

ಚೌಕ ಮತ್ತೆ ಹಸಿರಾಯಿತು. ಸ್ಪೀಕರಿನಿಂದ ಗೊಳಗೊಳ ಎಂದು ಒಡೆದ ಸದ್ದು ಬಂತು. ಇಂಥ ಸದ್ದನ್ನು ನಾನು ಯಾವ ಪರೀಕ್ಷೆಯಲ್ಲೂ ಕೇಳಿರಲಿಲ್ಲ. ಏನೋ ಕೆಟ್ಟಿತೆಂದು ಗಾಬರಿಯಾಗಿ ಕೀಬೋರ್ಡಿಗೆ ಕೈ ಚಾಚಿದೆ. ಅಪ್ಪಾಜಿ ನನ್ನ ಕೈ ಹಿಡಿದು ನಿಲ್ಲಿಸಿದರು.

"ಬಿಡವ್ವಾ," ಎಂದರು. "ಅವರು ನಗಾಕತ್ತಾರ."