ಎಸ್ಟೇಟ್ ಆಫೀಸಿನ ಟೇಪ್ ಡ್ರೈವ್

ಸಕಲೇಶಪುರದ ಹತ್ತಿರದ ಕಾಫಿ ಎಸ್ಟೇಟ್ ಆಫೀಸಿನಲ್ಲಿ ಯುನಿಕ್ಸ್ ಕಂಪ್ಯೂಟರಿನ ಡಿಸ್ಕ್ ಕೆಟ್ಟು, ರಿಪೇರಿಗೆ ಹೋಗಿದ್ದ ನಾನು ಹೊಸದು ಹಾಕಿದ್ದೆ. ಆಳುಗಳ ಹಾಜರಿ, ಲೆಕ್ಕ ಬರೆಯುವ ರೈಟರ್ ರುದ್ರಪ್ಪನವರು ಇಪ್ಪತ್ತು ವರ್ಷ ಅಳೆದು ಬರೆದಿದ್ದ ಮಳೆಯ ದಾಖಲೆ ಬ್ಯಾಕಪ್ ಟೇಪಿನಲ್ಲಿ ಮಾತ್ರ ಉಳಿದಿತ್ತು. ಅದನ್ನು ಓದುವ ಟೇಪ್ ಡ್ರೈವ್ ಇದೆ ಅಂತಲೇ ಕಂಪ್ಯೂಟರ್ ಒಪ್ಪಲಿಲ್ಲ. ಕೇಬಲ್ ಬದಲಿಸಿದೆ. ಕಂಪ್ಯೂಟರ್ ಆನ್ ಮಾಡಿ, ಆಮೇಲೆ ಡ್ರೈವ್ ಆನ್ ಮಾಡಿ, ಮಧ್ಯಾಹ್ನದವರೆಗೂ ನೋಡಿದೆ.

ಪಕ್ಕದಲ್ಲೇ ಕೂತಿದ್ದ ರುದ್ರಪ್ಪನವರು, ಪರದೆ ಮೇಲೆ ಓಡುವ ಸಾಲುಗಳು ಏನೆಂದು ಕೇಳಿದರು.

"ಯಾವ್ಯಾವುದು ಜೋಡಿಸಿದೆ ಅಂತ ಶುರುವಿನಲ್ಲೇ ನೋಡಿಕೊಳ್ಳುತ್ತೆ," ಅಂದೆ.

"ಅಂದ್ರೆ ಹಾಜರಿ ಕೂಗ್ತೈತೆ. ಹಾಜರಿ ಮುಗಿದ್ಮೇಲೆ ನೀವು ಇದನ್ನ ಎಬ್ಬಿಸ್ತೀರಲ್ಲ ಸಾರ್," ಅಂತ ಅವರು ಟೇಪ್ ಡ್ರೈವ್ ತೋರಿಸಿದರು.

ಡ್ರೈವನ್ನು ಮೊದಲು ಆನ್ ಮಾಡಿ, ಆಮೇಲೆ ಕಂಪ್ಯೂಟರ್ ಆನ್ ಮಾಡಿದೆ. ಕಂಪ್ಯೂಟರ್ ಅದನ್ನು ಗುರುತಿಸಿತು, ದಾಖಲೆಯೆಲ್ಲ ವಾಪಸ್ ಬಂತು. ರುದ್ರಪ್ಪನವರು ಕನ್ನಡಕ ಒರೆಸಿಕೊಂಡರು.

ನನ್ನ ಸರ್ವಿಸ್ ರಿಪೋರ್ಟಿನಲ್ಲಿ ಏನು ಬರೆಯುವುದೆಂದು ತಿಣುಕುತ್ತಿದ್ದಾಗ ಅವರೇ ಮೆಲ್ಲಗೆ, "ಕೇಬಲ್ ಕೆಟ್ಟಿತ್ತು ಅಂತ ಬರ್ಕೊಳಿ ಸಾರ್," ಅಂದರು. ಹಾಗೇ ಬರೆದೆ.