ರಾಕೆಟ್ಟಿನವನಿಗೆ ಮುರಿದ ನೆಟಿಕೆ

“ಮೇಷ್ಟ್ರೆ, ಇವ್ನು ಒಳ್ಳೆಯವ್ನೋ ಕೆಟ್ಟವ್ನೋ, ಬೇಗ ಹೇಳ್ರಿ. ಕೈ ಕಾಯ್ತಾ ಐತೆ.”

ಎಂಬತ್ತರ ದಶಕದ ಜಗಳೂರಿನ ಟೆಂಟ್ ಟಾಕೀಸಿನಲ್ಲಿ, ಪಕ್ಕದಲ್ಲಿ ಕೂತಿದ್ದ ಗಂಗಮ್ಮಜ್ಜಿ ಕೇಳಿದ ಪ್ರಶ್ನೆ ಇದು. ಖಳನಾಯಕ ಕಂಡರೆ ಅವರು ನೆಟಿಕೆ ಮುರಿದು ಶಪಿಸುತ್ತಿದ್ದರು. ಮೊಮ್ಮಕ್ಕಳ ದೃಷ್ಟಿ ತೆಗೆಯುವಾಗಲೂ ಅದೇ ನೆಟಿಕೆ. ಹಿಂದಿನ ಇಂಗ್ಲಿಷ್ ಚಿತ್ರದಲ್ಲಿ ಗೆಳೆಯರನ್ನು ಶತ್ರುಗಳಿಗೆ ಒಪ್ಪಿಸಿದ್ದ ರಾಕೆಟ್ ಚಾಲಕನೇ ಈ ಹೊಸ ಚಿತ್ರದ ನಾಯಕ. ಅವನನ್ನು ಶಪಿಸಲೆಂದೇ ಅಜ್ಜಿ ಬಂದಿದ್ದರು. ಅವನೋ ಒಂದು ಗ್ರಹದ ಮಕ್ಕಳನ್ನೆಲ್ಲ ಉಳಿಸಿದ, ಆಮೇಲೆ ತನ್ನನ್ನು ಸಾಕಿದ ಗುರುವನ್ನೇ ಕೊಂದ.

“ಎರಡೂ ಹೌದಜ್ಜಿ,” ಎಂದೆ.

ಅಜ್ಜಿ ಎದ್ದು ನಿಂತು, ಪರದೆಯತ್ತ ಕೈ ನಿವಾಳಿಸಿ, ಹತ್ತೂ ಬೆರಳಿನ ನೆಟಿಕೆ ಮುರಿದರು. “ಯಾವ್ದು ತಾಗಬೇಕೋ ಅದು ತಾಗ್ಲಿ ಬಿಡ್ರಿ.”

ಬಡ ಮಕ್ಕಳ ಫೀಸು ತಾವೇ ಕಟ್ಟಿ, ಅದೇ ಮಕ್ಕಳಿಗೆ ಬೆತ್ತ ಮುರಿಯುವಂತೆ ಬಾರಿಸುತ್ತಿದ್ದ ನಮ್ಮ ಶಾಲೆಯ ಹಳೆಯ ಹೆಡ್‌ಮಾಸ್ಟರು ಹೇಗಿದ್ದರೆಂದು ಯಾರಾದರೂ ಕೇಳಿದರೆ, ಈಗಲೂ ನಾನು ಹತ್ತೂ ಬೆರಳಿನ ನೆಟಿಕೆ ಮುರಿಯುತ್ತೇನೆ.