ಅರಿಸಿನದ ಪಾದ

ದೇವರನ್ನು ನಂಬುವವರೆಲ್ಲ ಪವಾಡಗಳನ್ನೂ ನಂಬುತ್ತಾರೆಂದು ಜನ ತಿಳಿಯುತ್ತಾರೆ. ನನ್ನ ಮಟ್ಟಿಗೆ ಅದು ನಿಜವಾಗಿರಲಿಲ್ಲ. ಖಾನಾಪುರದಲ್ಲಿ ಮೂವತ್ತು ವರ್ಷ ಸಂಸ್ಕೃತ ಕಲಿಸಿದ ನಾನು, ಯಾರಾದರೂ ಅಂಥ ಕತೆ ಹೇಳಿದರೆ ತರ್ಕದ ಒಂದೆರಡು ಪ್ರಶ್ನೆಗಳಿಂದ ಅವರ ಬಾಯಿ ಮುಚ್ಚಿಸುತ್ತಿದ್ದೆ. ಇಂದು ಅಂಥದೇ ಒಂದನ್ನು ನಾನು ಹೇಳಬೇಕಾಗಿದೆ.

ಎರಡು ಸಾವಿರದ ಇಸವಿಯ ಆಸುಪಾಸು. ಬೆಳಗಾವಿಯ ಶಿವಬಸವ ನಗರದಲ್ಲಿದ್ದ ನನ್ನ ಅಕ್ಕನಿಗೆ ಸಕ್ಕರೆ ಕಾಯಿಲೆ. ಬಲ ಅಂಗಾಲಿನ ಹುಣ್ಣು ತಿಂಗಳುಗಳಿಂದ ಮಾಯ್ದಿರಲಿಲ್ಲ; ಆ ಪಾದದಲ್ಲಿ ಸ್ಪರ್ಶಜ್ಞಾನವೂ ಉಳಿದಿರಲಿಲ್ಲ. ಮತ್ತೆ ಕೀವಾದರೆ ಬೆರಳು ತೆಗೆಯಬೇಕಾದೀತೆಂದು ವೈದ್ಯರು ಎಚ್ಚರಿಸಿದ್ದರು.

ಅಕ್ಕನ ಮಗಳು ವಿದ್ಯಾ ಔಷಧ ವಿಜ್ಞಾನದ ಅಧ್ಯಾಪಕಿ. ಗಾಯದ ಮೇಲೆ ಹಾಸುವ ಲೋಳೆಯ ಹಾಳೆಯೊಂದನ್ನು ಮಾಡುವುದರಲ್ಲಿ ತೊಡಗಿದ್ದಳು. ನಮ್ಮ ಹಿತ್ತಲಿನ ಕಾಮಕಸ್ತೂರಿಯ ಬೀಜವೇ ಬೇಕೆಂದು ಖಾನಾಪುರಕ್ಕೆ ಬಂದಳು. ನೀರಿನಲ್ಲಿ ಉಬ್ಬಿದ ಬೀಜಗಳನ್ನು ಬಟ್ಟೆಯಲ್ಲಿ ಹಿಂಡಿ ಲೋಳೆ ತೆಗೆದು, ಅರಿಸಿನದ ಸತ್ವ ಬೆರೆಸಿ, ತಟ್ಟೆಗೆ ಹರಡಿ ನೆರಳಲ್ಲಿಟ್ಟಳು. ಅರಿಸಿನ ನಂಜನ್ನು ತಡೆಯುತ್ತದೆ. ನಂಜು ಮೀರಿದರೆ ಗಾಯದಲ್ಲಿ ಕ್ಷಾರ ಹೆಚ್ಚಿ, ಸುಣ್ಣ ತಾಗಿದ ಅರಿಸಿನದಂತೆ ಹಾಳೆ ಕೆಂಪಾಗುತ್ತದೆ. ಹುಳಿ ತಾಗಿದರೆ ಮತ್ತೆ ಹಳದಿ. ಹೀಗೆಂದು ಅವಳು ವಿವರಿಸಿದಳು.

ಮರುದಿನ ಅಕ್ಕನ ಪಾದದ ಕಾಗದದ ಅಚ್ಚಿಟ್ಟು ಹಾಳೆಯಿಂದ ಎರಡು ಪಾದಗಳನ್ನು ಕತ್ತರಿಸಿದಳು. ವೈದ್ಯರ ಒಪ್ಪಿಗೆಯಿಂದ ಅಕ್ಕನಿಗೆ ಕಟ್ಟಲು ಒಂದು. ಗಾಯ ಸೋಕದಿದ್ದರೆ ಬಣ್ಣ ಎಷ್ಟು ದಿನ ಉಳಿಯುವುದೆಂದು ನೋಡಲು ಇನ್ನೊಂದು; ಅದನ್ನು ಮುಚ್ಚಳವಿದ್ದ ಗಾಜಿನ ಪಾತ್ರೆಯಲ್ಲಿಟ್ಟು ನನಗೆ ಒಪ್ಪಿಸಿದಳು.

“ಮಾಮಾ, ಇದನ್ನ ಮುಟ್ಟಬ್ಯಾಡ್ರಿ. ಹಂಗಂತ ಪೂಜಿ ಮಾಡ್ಕೋತನೂ ಕುಂದರಬ್ಯಾಡ್ರಿ!” ಎಂದು ನಕ್ಕು ಹೊರಟಳು.

ದೇವರ ಕೋಣೆಯೇ ಮನೆಯಲ್ಲಿ ತಂಪಾದ ಜಾಗ, ಅಲ್ಲಿಯೇ ಇಟ್ಟೆ. ನಂದಾದೀಪದ ಬೆಳಕು ಬಿದ್ದಾಗ ಆ ಪಾದ ಒಳಗಿನಿಂದ ಬೆಳಗುವಂತೆ, ಯಾರೋ ಆಗತಾನೆ ಅಲ್ಲಿ ಕಾಲೂರಿ ಹೋದಂತೆ ಕಾಣುತ್ತಿತ್ತು.

ಮೂರನೆಯ ದಿನದ ಮುಂಜಾವು. ಹೊರಗೆ ಮಂಜು ಕವಿದಿತ್ತು. ಸ್ನಾನ ಮುಗಿಸಿ ಪೂಜೆಗೆ ಕುಳಿತವನು ನೋಡಿದರೆ, ಎರಡನೆಯ ಬೆರಳಿನ ಬುಡದಲ್ಲಿ ಕಾಸಿನಗಲ ಕೆಂಪು. ಕುಂಕುಮವಿರಬೇಕೆಂದು ಬಗ್ಗಿದೆ. ಮುಚ್ಚಳ ಮುಚ್ಚಿಯೇ ಇತ್ತು. ಒಂದು ಕಣ ಪುಡಿಯೂ ಇರಲಿಲ್ಲ. ಕೆಂಪು ಲೋಳೆಯ ಒಳಗಿತ್ತು. ಪೂಜೆಯನ್ನು ಎಂದೂ ಅರ್ಧಕ್ಕೆ ಬಿಡದ ನಾನು ಎದ್ದು ವಿದ್ಯಾಳಿಗೆ ಫೋನ್ ಮಾಡಿದೆ.

“ಕುಂಕುಮ ಚೆಲ್ಲೀರಿ ಮಾಮಾ. ಪಟ್ಟಿ ಬಿಚ್ಚೂದು ರವಿವಾರ ಐತಿ. ಅವ್ವ ಆರಾಮ ಅದಾಳ.”

ರವಿವಾರಕ್ಕೆ ಇನ್ನೂ ಎರಡು ದಿನ. ಮನೆಯಾಕೆ ತವರಿಗೆ ಹೋಗಿದ್ದಳು. ನಾನೇ ಬೀಗ ಹಾಕಿ ಮೊದಲ ಬಸ್ಸು ಹಿಡಿದೆ.

“ಏನ ತಮ್ಮಾ, ಪೂಜಿ ಬಿಟ್ಟು ಓಡಿ ಬಂದಿ? ನಾ ಏನ್ ಸತ್ತೀನೇನ?” ಎಂದಳು ಅಕ್ಕ.

“ವಿದ್ಯಾ, ನನ್ನ ಸಮಾಧಾನಕ್ಕರ ಒಮ್ಮೆ ಬಿಚ್ಚಿ ನೋಡವ್ವಾ,” ಎಂದೆ.

ಬಿಚ್ಚಿದಳು. ಹಾಳೆಯ ಮೇಲೆ ಅದೇ ಕೆಂಪು, ಅದೇ ಬೆರಳಿನ ಬುಡದಲ್ಲಿ, ಅದರಡಿಯಲ್ಲಿ ಕೀವು. ಆಸ್ಪತ್ರೆಯಲ್ಲಿ ಗಾಯ ತೊಳೆದ ವೈದ್ಯರು, ರವಿವಾರದವರೆಗೆ ಬಿಟ್ಟಿದ್ದರೆ ಬೆರಳು ಉಳಿಯುತ್ತಿರಲಿಲ್ಲವೆಂದರು.

ಸಂಜೆ ವಿದ್ಯಾ ನನ್ನೊಡನೆ ಖಾನಾಪುರಕ್ಕೆ ಬಂದಳು. ನಾನೇ ಬೀಗ ತೆಗೆದೆ. ಗಾಜಿನಡಿಯಲ್ಲಿ ಪಾದ ಪೂರ್ತಿ ಹಳದಿಯಾಗಿತ್ತು, ಎಲ್ಲಿಯೂ ಕಲೆಯಿಲ್ಲ. ಅವಳು ಪಾತ್ರೆಯನ್ನೆತ್ತಿ ನಂದಾದೀಪದ ಬೆಳಕಿಗೆ ಹಿಡಿದು ನೋಡಿದಳು.

“ಮಾಮಾ, ಖರೇ ನೋಡಿದ್ರೇನ್ರಿ?”

ಹಗ್ಗದಲ್ಲಿ ಹಾವು ಕಾಣುವುದೇ ಭ್ರಮೆಯೆಂದು ಮೂವತ್ತು ವರ್ಷ ಪಾಠ ಹೇಳಿದವನು ನಾನು. ಆದರೆ ಇಲ್ಲಿಯ ಹಗ್ಗದಲ್ಲಿ ಕಂಡ ಹಾವು ಬೆಳಗಾವಿಯ ಮನೆಯಲ್ಲಿ ನಿಜವಾಗಿಯೂ ಇತ್ತಲ್ಲ! ಅದನ್ನು ಏನೆನ್ನಬೇಕೋ ನನಗೆ ಇನ್ನೂ ತಿಳಿದಿಲ್ಲ.

ಈಗಲೂ ಅಕ್ಕ ಬಂದಾಗ ಬಾಗಿಲಲ್ಲಿ ಕಾಲು ತೊಳೆದು ಒಳಬರುತ್ತಾಳೆ. ಹೊಸ್ತಿಲಾಚೆಯ ಕಲ್ಲಿನ ಮೇಲೆ ಒದ್ದೆ ಹೆಜ್ಜೆ ಮೂಡುತ್ತದೆ, ಐದು ಬೆರಳೂ ಇರುವ ಬಲಗಾಲಿನ ಹೆಜ್ಜೆ. ಅದು ಆರುವವರೆಗೆ ನಾನು ದಾಟುವುದಿಲ್ಲ.